ಬೆಂಕಿ ಹೊರಗೆ, ಬಿಸಿ ಒಳಗೆ: ಕ್ಯಾಂಪರ್‌ವ್ಯಾನಿಗೆ ಹೀಟರ್ ಕೊಳ್ಳುವ ಮುಂಚೆ

ನನ್ನ ಹೆಂಡತಿಯ ತಮ್ಮ ಹಾಸನದಲ್ಲಿ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್‌ವ್ಯಾನ್ ಮಾಡುತ್ತಿದ್ದಾನೆ. ಮಂಚ ಆಯಿತು, ಸಿಂಕ್ ಆಯಿತು, ಮೇಲೆ ಸೋಲಾರ್ ಪ್ಯಾನೆಲ್ಲೂ ಕೂತಿತು. ಮುಂದಿನ ವರ್ಷ ಹಿಮಾಚಲದ ಸ್ಪಿತಿ, ಅಲ್ಲಿಂದ ಲಡಾಖ್ ಅಂತ ಲೆಕ್ಕ. ಮೊನ್ನೆ ಫೋನ್ ಮಾಡಿ ಕೇಳಿದ: "ಭಾವ, ಸಣ್ಣ ಸಿಲಿಂಡರಿಗೆ ಸಿಕ್ಕಿಸೋ ಗ್ಯಾಸ್ ಹೀಟರ್ ಒಂದು ನೋಡಿದೀನಿ. ಅಗ್ಗಕ್ಕೆ ಸಿಗ್ತಿದೆ. ಅದೇ ಸಾಕಲ್ವಾ?"

"ಬೇಡ ಕಣೋ" ಅಂದೆ. ಯಾಕೆ ಬೇಡ ಅಂತ ಹೇಳಲು ಹೋಗಿ ಮುಕ್ಕಾಲು ಗಂಟೆ ಫೋನಿನಲ್ಲೇ ಕಳೆಯಿತು. ಆ ಮುಕ್ಕಾಲು ಗಂಟೆಯ ಮಾತನ್ನೇ ಇಲ್ಲಿ ಸ್ವಲ್ಪ ಓರಣ ಮಾಡಿ ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ನಮ್ಮದೊಂದು ಹಳೇ ಫಿಯಟ್ ಡುಕಾಟೋ ವ್ಯಾನ್ ಇದೆ, ಅದರಲ್ಲಿ ಐದು ಚಳಿಗಾಲ ಮಲಗಿದ್ದೇವೆ. ವ್ಯಾನ್ ಹೀಟರಿನ ವಿಷಯದಲ್ಲಿ ಈ ಊರು ಒಂಥರಾ ತವರುಮನೆ. ಊರಿನ ಪಶ್ಚಿಮಕ್ಕೆ ಸ್ಟಾಕ್‌ಡಾರ್ಫ್‌ನಲ್ಲಿ ವೆಬಾಸ್ಟೋ ಕಂಪನಿ. ಪೂರ್ವಕ್ಕೆ ಪುಟ್ಸ್‌ಬ್ರುನ್‌ನಲ್ಲಿ ಟ್ರೂಮಾ. ಮೂರನೆಯ ದೊಡ್ಡ ಹೆಸರು ಎಬರ್‌ಸ್ಪೆಖರ್, ಅದು ಎಸ್‌ಲಿಂಗನ್ ಊರಿನದು. ವೆಬಾಸ್ಟೋ ಶುರುವಾದದ್ದೂ 1901ರಲ್ಲಿ ಅದೇ ಎಸ್‌ಲಿಂಗನ್‌ನಲ್ಲಿ. ಸ್ಥಾಪಕ ವಿಲ್‌ಹೆಲ್ಮ್ ಬಾಯರ್ ಹೆಸರಿನಿಂದ ಎರಡೆರಡು ಅಕ್ಷರ, ಸ್ಟಾಕ್‌ಡಾರ್ಫ್‌ನಿಂದ ಮೂರು ಅಕ್ಷರ ಕಿತ್ತು ಕಟ್ಟಿದ ಹೆಸರು ಅದು. ಇಲ್ಲಿ ಜನವರಿಯಲ್ಲಿ ಹಿಮದ ಮಧ್ಯೆ ವ್ಯಾನ್ ನಿಲ್ಲಿಸಿಕೊಂಡು ಮಲಗುವವರು ನೂರಾರು ಮಂದಿ. ಅವರ ಬಾಯಲ್ಲಿ ಹೀಟರ್ ಮಾತು ನಮ್ಮ ಕಡೆ ಮಳೆ ಮಾತು ಇದ್ದ ಹಾಗೆ.

ಹೀಟರ್ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ಕಿಲೋವ್ಯಾಟ್, ಎಷ್ಟು ದುಡ್ಡು ಅಂತ. ಅದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಒಂದೇ: ಇದರ ಬೆಂಕಿಗೆ ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಬಚ್ಚಲಿನ ಹಂಡೆ ಒಲೆ ನೋಡಿದ್ದೀರಲ್ಲ. ಹಂಡೆ ಒಳಗೆ ಇರುತ್ತದೆ. ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಗೋಡೆಯಾಚೆ. ಸೌದೆ ಹಾಕುವುದು ಹೊರಗಿನಿಂದ, ಹೊಗೆ ಹೋಗುವುದೂ ಹೊರಗೆ. ಒಳಗೆ ಬರುವುದು ಬರೀ ಬಿಸಿ. ಒಳ್ಳೆಯ ವ್ಯಾನ್ ಹೀಟರಿನ ಒಳಗುಟ್ಟೂ ಇಷ್ಟೇ. ಬೆಂಕಿ ಒಂದು ಮುಚ್ಚಿದ ಲೋಹದ ಡಬ್ಬಿಯೊಳಗೆ ಉರಿಯುತ್ತದೆ. ಅದಕ್ಕೆ ಬೇಕಾದ ಗಾಳಿ ವ್ಯಾನಿನ ಅಡಿಯಿಂದ ಒಂದು ಪೈಪಿನಲ್ಲಿ ಬರುತ್ತದೆ, ಹೊಗೆ ಇನ್ನೊಂದು ಪೈಪಿನಲ್ಲಿ ಅಡಿಗೇ ಹೋಗುತ್ತದೆ. ವ್ಯಾನಿನೊಳಗಿನ ಗಾಳಿ ಆ ಡಬ್ಬಿಯ ಹೊರಮೈ ಸವರಿಕೊಂಡು ಹೋಗಿ ಬಿಸಿಯಾಗುತ್ತದೆ. ಎರಡು ಗಾಳಿಗಳು ಎಲ್ಲೂ ಬೆರೆಯುವುದಿಲ್ಲ.

ನನ್ನ ಭಾವಮೈದ ನೋಡಿಟ್ಟಿರುವ ಹೀಟರಿನಲ್ಲಿ ಈ ಗೋಡೆಯೇ ಇಲ್ಲ. ಬೆಂಕಿಯೂ ನಾವೂ ಒಂದೇ ಗಾಳಿ ಉಸಿರಾಡಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಸಾಧಾರಣ ವ್ಯಾನಿನ ಮಲಗುವ ಭಾಗ 3 ಮೀಟರ್ ಉದ್ದ, 1.8 ಅಗಲ, 1.9 ಎತ್ತರ ಅಂದುಕೊಳ್ಳಿ. ಒಳಗೆ ಹಿಡಿಯುವ ಗಾಳಿ ಹತ್ತು ಘನ ಮೀಟರ್ ಚಿಲ್ಲರೆ. ನಮ್ಮ ಹತ್ತು ಹನ್ನೆರಡರ ಸಣ್ಣ ಬೆಡ್‌ರೂಮಿನಲ್ಲಿ ಇದರ ಮೂರು ಪಟ್ಟು ಗಾಳಿ ಇರುತ್ತದೆ. ಈ ಹತ್ತು ಘನ ಮೀಟರಿನಲ್ಲಿ 1.5 ಕಿಲೋವ್ಯಾಟಿನ ಗ್ಯಾಸ್ ಬೆಂಕಿ ಒಂದು ಗಂಟೆ ಉರಿಯಿತು ಅನ್ನಿ. ಸುಮಾರು 120 ಗ್ರಾಂ ಗ್ಯಾಸ್ ಖರ್ಚು. ಅಷ್ಟು ಉರಿಯಲು ಸುಮಾರು 0.3 ಘನ ಮೀಟರ್ ಆಮ್ಲಜನಕ ಬೇಕು. ವ್ಯಾನನ್ನು ಗಾಳಿಯಾಡದ ಹಾಗೆ ಮುಚ್ಚಿದ್ದರೆ, ಒಂದೇ ಗಂಟೆಯಲ್ಲಿ ಶೇ. 21ರಷ್ಟಿದ್ದ ಆಮ್ಲಜನಕ 18ಕ್ಕೆ ಇಳಿಯುತ್ತದೆ. ಚಳಿಗೆ ಹೆದರಿ ಕಿಟಕಿಯ ಸಂದಿಗೆ ಬಟ್ಟೆ ತುರುಕುವ ನಮ್ಮ ಬುದ್ಧಿ ಗೊತ್ತಲ್ಲ!

ಆಮ್ಲಜನಕ ಕಡಿಮೆಯಾದಾಗ ಬೆಂಕಿ ಸರಿಯಾಗಿ ಉರಿಯುವುದಿಲ್ಲ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಗಂಟಲು ಉರಿಯುವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಇದೇ ಹಿಡಿದು ಕೂತರೆ ಆಮ್ಲಜನಕಕ್ಕೆ ಜಾಗವೆಲ್ಲಿ? ಎಚ್ಚರ ಇದ್ದವರಿಗೆ ತಲೆನೋವು, ವಾಂತಿ ಬಂದ ಹಾಗೆ, ಮಂಪರು. ಎತ್ತರದ ಊರಿನಲ್ಲಾದರೆ "ಮೌಂಟನ್ ಸಿಕ್‌ನೆಸ್ ಇರಬೇಕು, ಮಲಗಿದರೆ ಸರಿಹೋಗುತ್ತೆ" ಅಂದುಕೊಂಡು ಮಲಗಿಬಿಡುತ್ತೇವೆ. ಆ ತಪ್ಪು ಒಮ್ಮೆ ಆದರೆ ಮುಗಿಯಿತು. ನಿದ್ದೆಯಲ್ಲಿ ಇರುವವರಿಗಂತೂ ಏನೂ ಗೊತ್ತಾಗುವುದಿಲ್ಲ.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ರೆಸಾರ್ಟಿನ ಒಂದೇ ಕೋಣೆಯಲ್ಲಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಬೆಳಿಗ್ಗೆ ಏಳಲೇ ಇಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಬಾಗಿಲು ಕಿಟಕಿ ಮುಚ್ಚಿತ್ತು, ಒಳಗೆ ಗ್ಯಾಸ್ ಹೀಟರ್ ಇತ್ತು. ಅದು ವ್ಯಾನೂ ಅಲ್ಲ, ಅದಕ್ಕಿಂತ ದೊಡ್ಡ ಕೋಣೆ. ಉತ್ತರ ಭಾರತದಲ್ಲಿ ಅಂಗೀಠಿಯ ಕೆಂಡ ಒಳಗಿಟ್ಟುಕೊಂಡು ಮಲಗಿ ಸತ್ತವರ ಸುದ್ದಿ ಪ್ರತಿ ಚಳಿಗಾಲ ಪೇಪರಿನಲ್ಲಿ ಬರುತ್ತದೆ. ಕೆಂಡ ಆದರೇನು, ಗ್ಯಾಸ್ ಆದರೇನು, ಕಥೆ ಒಂದೇ.

"ಅದರಲ್ಲಿ ಸೆನ್ಸರ್ ಇದೆಯಂತಲ್ಲ ಭಾವ?" ಅಂದ ಇವನು. ಹೌದು, ಕೆಲವು ಗ್ಯಾಸ್ ಹೀಟರುಗಳಲ್ಲಿ ಆಮ್ಲಜನಕ ಶೇ. 18ರ ಆಸುಪಾಸಿಗೆ ಇಳಿದರೆ ತಾನೇ ಆರುವ ವ್ಯವಸ್ಥೆ ಇರುತ್ತದೆ. ಆದರೆ ಅದು ನೋಡುವುದು ಆಮ್ಲಜನಕವನ್ನು, ಮಾನಾಕ್ಸೈಡನ್ನು ಅಲ್ಲ. ಬರ್ನರಿನಲ್ಲಿ ಧೂಳು ಕೂತು ಕೆಟ್ಟದಾಗಿ ಉರಿಯುತ್ತಿದ್ದರೆ, ಆಮ್ಲಜನಕ ಬೇಕಾದಷ್ಟಿದ್ದರೂ ವಿಷ ಹುಟ್ಟುತ್ತಲೇ ಇರುತ್ತದೆ.

ಇನ್ನೊಂದು ರಗಳೆ ನೀರು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಅದರ ಜೊತೆಗೆ ಮಲಗಿದ ಒಬ್ಬೊಬ್ಬರ ಉಸಿರು, ಬೆವರಿನಿಂದ ಕಾಲರಿಂದ ಅರ್ಧ ಲೀಟರ್. ತಣ್ಣಗಿರುವ ತಗಡಿಗೆ ತಾಗಿ ಅದೆಲ್ಲ ನೀರಾಗುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ತೊಟ್ಟಿಕ್ಕುತ್ತದೆ. ಎರಡು ವಾರದಲ್ಲಿ ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ. ಹೊಗೆಪೈಪು ಇರುವ ಹೀಟರಿನಲ್ಲಿ ಈ ನೀರೆಲ್ಲ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ನಾವು ಬಿಡುವ ಉಸಿರಿನದು ಮಾತ್ರ ಉಳಿಯುತ್ತದೆ. ಅದಕ್ಕೆ ಮೇಲಿನ ಕಿಂಡಿ ಎರಡು ಬೆರಳು ತೆರೆದಿಟ್ಟರೆ ಸಾಕು.

ಹಾಗಾಗಿ ತೆರೆದ ಬೆಂಕಿಯ ಹೀಟರುಗಳು ನನ್ನ ಲೆಕ್ಕದಲ್ಲಿ ಆಟಕ್ಕೇ ಇಲ್ಲ. ಎಚ್ಚರ ಇದ್ದಾಗ, ಬಾಗಿಲು ತೆರೆದು, ಹತ್ತು ನಿಮಿಷ ಕೈ ಕಾಯಿಸಿಕೊಳ್ಳಲು ಪರವಾಗಿಲ್ಲ. ಮಲಗುವಾಗ ಅಲ್ಲ. ಗ್ಯಾಸ್ ಸ್ಟೌವ್ ಹಚ್ಚಿಟ್ಟು ಅದನ್ನೇ ಹೀಟರ್ ಮಾಡಿಕೊಳ್ಳುವವರಿಗೂ ಇದೇ ಮಾತು. ಇಂಜಿನ್ ಚಾಲೂ ಇಟ್ಟು ಮಲಗುವುದಂತೂ ಹೇಳಲೇಬೇಡಿ. ಜರ್ಮನಿಯಲ್ಲಿ ಸುಮ್ನೆ ಇಂಜಿನ್ ಓಡಿಸಿಟ್ಟರೆ ದಂಡ. ಮೇಲಾಗಿ ಇಂಜಿನ್ನಿನ ಹೊಗೆ ಅಡಿಯಿಂದಲೇ ಒಳಗೆ ಬರಬಹುದು.

ಹಾಗಾದರೆ ಕರೆಂಟ್?

ಇದಕ್ಕೆ ಹೊಗೆಯೇ ಇಲ್ಲವಲ್ಲ, ಇದೇ ಒಳ್ಳೆಯದು ಅನಿಸುತ್ತದೆ. ಲೆಕ್ಕ ನೋಡಿ. ರಾತ್ರಿ ಹತ್ತು ಗಂಟೆ, ಸರಾಸರಿ ಒಂದು ಕಿಲೋವ್ಯಾಟ್ ಬೇಕು ಅಂದರೆ 10 ಯೂನಿಟ್. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಒಂದೂಕಾಲು ಯೂನಿಟ್ ಮಾತ್ರ. ಒಂದು ರಾತ್ರಿಗೆ ಎಂಟು ಬ್ಯಾಟರಿ! ಅದೇ ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿರುತ್ತದೆ. ಡೀಸೆಲ್ ಹೀಟರ್ ಯಾಕೆ ಇಷ್ಟು ಜನಪ್ರಿಯ ಅನ್ನುವುದಕ್ಕೆ ಬೇರೆ ಕಾರಣ ಬೇಡ.

ಕ್ಯಾಂಪ್‌ಸೈಟಿನಲ್ಲಿ ಪ್ಲಗ್ ಸಿಕ್ಕರೆ ಮಾತು ಬೇರೆ. ಅಲ್ಲೂ ಎಷ್ಟು ಆಂಪಿಯರ್ ಅಂತ ಕೇಳಿಕೊಳ್ಳಬೇಕು. ಫ್ರಾನ್ಸಿನ ಕೆಲವು ಕಡೆ 6 ಆಂಪಿಯರ್ ಮಾತ್ರ ಕೊಡುತ್ತಾರೆ. ಅಂದರೆ 1,380 ವ್ಯಾಟ್. ಅದಕ್ಕೆ ಎರಡು ಕಿಲೋವ್ಯಾಟಿನ ಹೀಟರ್ ಸಿಕ್ಕಿಸಿ, ಇಡೀ ಸಾಲಿನ ಫ್ಯೂಸ್ ಹಾರಿಸಿ, ಕತ್ತಲಲ್ಲಿ ಪಕ್ಕದ ವ್ಯಾನಿನವರ ಮುಖ ನೋಡುವುದು ಒಂದು ಅನುಭವ. ನನಗಾಗಿದೆ.

ಬ್ಯಾಟರಿಯಲ್ಲಿ ಚೆನ್ನಾಗಿ ನಡೆಯುವುದು ಒಂದೇ: 12 ವೋಲ್ಟಿನ ಬಿಸಿ ಹೊದಿಕೆ. ಐವತ್ತು ವ್ಯಾಟ್ ಸಾಕು. ಇಡೀ ವ್ಯಾನಿನ ಗಾಳಿ ಕಾಯಿಸುವ ಬದಲು ಮೈಯನ್ನಷ್ಟೇ ಕಾಯಿಸುತ್ತದೆ. ಅದರ ಮೇಲೊಂದು ಕರಿ ಕಂಬಳಿ. ಚಿತ್ರದುರ್ಗದ ಕಡೆಯಿಂದ ತಂದ ನಮ್ಮ ಕಂಬಳಿಯನ್ನು ಇಲ್ಲಿಯ ಎರಡು ಮನೆಯವರು ಆಗಲೇ ಕೇಳಿದ್ದಾರೆ, ನಾವು ಕೊಟ್ಟಿಲ್ಲ.

ಸೌದೆ ಒಲೆ ಹಾಕಿಸಿಕೊಂಡವರೂ ಇದ್ದಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಎರಡಕ್ಕೆ ಆರಿಹೋಗುತ್ತದೆ. ಅಷ್ಟೇ.

ಟಿಕ್ ಟಿಕ್ ಡೀಸೆಲ್

ಕೊನೆಗೆ ಉಳಿಯುವುದು ಎರಡು: ಮುಚ್ಚಿದ ಬೆಂಕಿಯ ಡೀಸೆಲ್ ಹೀಟರ್, ಮುಚ್ಚಿದ ಬೆಂಕಿಯ ಗ್ಯಾಸ್ ಹೀಟರ್.

ಡೀಸೆಲ್ ಹೀಟರ್ ಒಂದು ಶೂ ಬಾಕ್ಸಿನಷ್ಟಿರುತ್ತದೆ. ಸಾಮಾನ್ಯವಾಗಿ ಮುಂದಿನ ಸೀಟಿನ ಅಡಿ ಕೂರಿಸುತ್ತಾರೆ. ಸ್ವಿಚ್ ಒತ್ತಿದರೆ ಮೊದಲು ಒಳಗಿನ ಗ್ಲೋ ಪ್ಲಗ್, ಅಂದರೆ ಬೆಂಕಿ ಹೊತ್ತಿಸುವ ಕಡ್ಡಿ, ಕೆಂಪಗೆ ಕಾಯುತ್ತದೆ. ಆ ಎರಡು ಮೂರು ನಿಮಿಷ ಬ್ಯಾಟರಿಯಿಂದ 8–10 ಆಂಪಿಯರ್ ಎಳೆಯುತ್ತದೆ. ಆಮೇಲೆ ಟ್ಯಾಂಕಿನ ಹತ್ತಿರ ಇರುವ ಸಣ್ಣ ಪಂಪು ಟಿಕ್, ಟಿಕ್ ಅನ್ನುತ್ತ ಹನಿ ಹನಿಯಾಗಿ ಡೀಸೆಲ್ ಕಳಿಸುತ್ತದೆ. ಬೆಂಕಿ ಹೊತ್ತಿಕೊಂಡ ಮೇಲೆ ಗ್ಲೋ ಪ್ಲಗ್ ಆರುತ್ತದೆ. ಮುಂದೆ ಫ್ಯಾನಿಗೂ ಪಂಪಿಗೂ ಸೇರಿ 15ರಿಂದ 30 ವ್ಯಾಟ್ ಸಾಕು. ಎರಡು ಕಿಲೋವ್ಯಾಟಿನ ಹೀಟರ್ ಗಂಟೆಗೆ ಕುಡಿಯುವುದು 0.12ರಿಂದ 0.24 ಲೀಟರ್. ಒಂದು ರಾತ್ರಿಗೆ ಸುಮಾರು ಒಂದೂವರೆ ಲೀಟರ್ ಡೀಸೆಲ್, 15–20 ಆಂಪಿಯರ್-ಅವರ್ ಬ್ಯಾಟರಿ. ಟ್ಯಾಂಕಿನೊಳಗೆ ಇಳಿಬಿಡುವ ಇದರ ಕೊಳವೆಯನ್ನು ಬೇಕೆಂದೇ ಗಿಡ್ಡ ಇಡುತ್ತಾರೆ. ರಾತ್ರಿಯೆಲ್ಲ ಹೀಟರ್ ಓಡಿದರೂ ಬೆಳಿಗ್ಗೆ ಪೆಟ್ರೋಲ್ ಬಂಕ್ ತಲುಪುವಷ್ಟು ಡೀಸೆಲ್ ತಳದಲ್ಲಿ ಉಳಿದಿರುತ್ತದೆ.

ಮೊದಲ ರಾತ್ರಿ ಆ ಟಿಕ್ ಟಿಕ್‌ಗೆ ನಿದ್ದೆ ಬರುವುದಿಲ್ಲ. ಹತ್ತನೆಯ ರಾತ್ರಿ ಅದು ನಿಂತರೆ ಎಚ್ಚರವಾಗುತ್ತದೆ.

ಈಗ ಕಿಲೋವ್ಯಾಟಿನ ಮಾತು. ಅಂಗಡಿಯಲ್ಲಿ 2 ಕಿಲೋವ್ಯಾಟಿನದು, 5 ಕಿಲೋವ್ಯಾಟಿನದು ಪಕ್ಕಪಕ್ಕ ಇರುತ್ತವೆ. ಅಗ್ಗದ ಮಾಲಿನಲ್ಲಿ ಎರಡರ ಬೆಲೆಯಲ್ಲೂ ಅಂಥ ವ್ಯತ್ಯಾಸವಿಲ್ಲ. "ದೊಡ್ಡದೇ ಇರಲಿ" ಅನ್ನುತ್ತದೆ ಮನಸ್ಸು. ಇಲ್ಲೇ ಎಡವುವುದು.

ಮೇಲೆ ಹೇಳಿದ ವ್ಯಾನಿನ ನೆಲ, ಚಾವಣಿ, ನಾಲ್ಕು ಗೋಡೆ ಸೇರಿದರೆ ಸುಮಾರು 30 ಚದರ ಮೀಟರ್. ಬಿಸಿ ಸೋರಿಹೋಗುವುದು ಈ ಮೈಯಿಂದ. ಬರೀ ತಗಡಾಗಿದ್ದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಸುಮಾರು 5 ವ್ಯಾಟ್ ಸೋರುತ್ತದೆ. ಎರಡೂವರೆ ಸೆಂಟಿಮೀಟರ್ ಇನ್ಸುಲೇಶನ್ (ಬಿಸಿ ಸೋರದ ಹಾಗೆ ತಡೆಯುವ ಶೀಟ್) ಹಾಕಿದರೆ, ಕಿಟಕಿ, ಕಬ್ಬಿಣದ ಪಟ್ಟಿ ಎಲ್ಲ ಸೇರಿಸಿದರೂ ಸರಾಸರಿ 2 ವ್ಯಾಟಿಗೆ ಇಳಿಯುತ್ತದೆ. ಹೊರಗೆ ಮೈನಸ್ 7, ಒಳಗೆ 18 ಬೇಕು ಅನ್ನಿ. ವ್ಯತ್ಯಾಸ 25 ಡಿಗ್ರಿ. ಬರೀ ತಗಡಿನ ವ್ಯಾನಿಗೆ 3,750 ವ್ಯಾಟ್. ಇನ್ಸುಲೇಶನ್ ಇದ್ದರೆ 1,500. ಕಿಂಡಿಯಿಂದ ಹೋಗುವ ಬಿಸಿಗೆ ಇನ್ನೊಂದು 200 ಸೇರಿಸಿ. 1,700 ವ್ಯಾಟ್ ಆಯಿತು. 2 ಕಿಲೋವ್ಯಾಟ್ ಧಾರಾಳ ಸಾಕು.

ದೊಡ್ಡದು ಹಾಕಿದರೆ ಏನು ಕಷ್ಟ? ಐದು ಕಿಲೋವ್ಯಾಟಿನ ಹೀಟರ್ ಎಷ್ಟು ತಗ್ಗಿಸಿದರೂ ಒಂದೂವರೆ ಕಿಲೋವ್ಯಾಟಿನ ಆಸುಪಾಸಿಗಿಂತ ಕೆಳಗೆ ಇಳಿಯುವುದಿಲ್ಲ. ಸಣ್ಣ ವ್ಯಾನ್ ಅರ್ಧ ಗಂಟೆಯಲ್ಲಿ ಕಾದುಬಿಡುತ್ತದೆ. ಆಮೇಲೆ ಇಡೀ ರಾತ್ರಿ ಹೀಟರ್ ಕುಂಟುತ್ತ ಸಣ್ಣ ಉರಿಯಲ್ಲಿ ಉರಿಯುತ್ತದೆ. ಸಣ್ಣ ಉರಿಯಲ್ಲಿ ಡೀಸೆಲ್ ಪೂರ್ತಿ ಸುಡುವುದಿಲ್ಲ. ಒಳಗೆ ಮಸಿ ಕಟ್ಟುತ್ತದೆ. ಒಂದು ದಿನ, ಖಂಡಿತ ಅತಿ ಚಳಿಯ ದಿನವೇ, ಅದು ಹೊತ್ತಿಕೊಳ್ಳುವುದೇ ಇಲ್ಲ. ಸಣ್ಣ ಹೀಟರನ್ನೂ ವಾರಕ್ಕೊಮ್ಮೆ ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಓಡಿಸಬೇಕು, ಮಸಿ ಸುಟ್ಟುಹೋಗಲಿ ಅಂತ. ಅಂದಹಾಗೆ ಡಬ್ಬಿಯ ಮೇಲೆ 8 ಕಿಲೋವ್ಯಾಟ್ ಅಂತ ಬರೆದ ಅಗ್ಗದ ಹೀಟರುಗಳು ಎಷ್ಟೋ ಸಲ ಒಳಗೆ 5ರವೇ. ಆ ಸ್ಟಿಕ್ಕರನ್ನು ನಂಬಿ ಕೂರಬೇಡಿ.

ಅಗ್ಗದ್ದು ಕೊಳ್ಳಬಹುದಾ? ಇದು ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ. ಹೆಸರಾಂತ ಕಂಪನಿಯ ಸೆಟ್ ಸಾವಿರ ಯೂರೋ ಆಸುಪಾಸು. ಚೀನಾದ್ದು ನೂರು, ನೂರೈವತ್ತು ಯೂರೋಗೂ ಸಿಗುತ್ತದೆ. ಕೆಲಸ ಮಾಡುವ ರೀತಿ ಒಂದೇ. ಎಷ್ಟೋ ಜನ ವರ್ಷಗಟ್ಟಲೆ ಓಡಿಸಿದ್ದಾರೆ. ಯುರೋಪಿನಲ್ಲಿ ಮಾತ್ರ ಒಂದು ಗುರುತು ನೋಡಬೇಕು: ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಅದರ ಜೊತೆ 122 ಎಂಬ ಅಂಕಿಯೂ ಇದ್ದರೆ, ವಾಹನದ ಹೀಟರುಗಳಿಗೆ ಇರುವ ಆರ್122 ಎಂಬ ನಿಯಮದಂತೆ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಇ1 ಇದ್ದರೆ ಒಪ್ಪಿಗೆ ಕೊಟ್ಟದ್ದು ಜರ್ಮನಿ. ಆ ಗುರುತಿಲ್ಲದ ಹೀಟರನ್ನು ನಾನು ಮಲಗುವ ಜಾಗಕ್ಕೆ ಹಾಕುವುದಿಲ್ಲ. ಆದರೆ ಅಪಾಯ ಜಾಸ್ತಿ ಇರುವುದು ಹೀಟರಿನಲ್ಲಿ ಅಲ್ಲ, ಅದನ್ನು ಕೂರಿಸುವುದರಲ್ಲಿ. ಇದನ್ನು ನಾನು ಮೈಮೇಲೆ ಎಳೆದುಕೊಂಡು ಕಲಿತೆ.

ನಮ್ಮ ವ್ಯಾನ್ ಸೆಕೆಂಡ್ ಹ್ಯಾಂಡ್. ಹೀಟರನ್ನು ಹಿಂದಿನ ಮಾಲೀಕ ಆಗಲೇ ಹಾಕಿದ್ದ. ಎರಡನೆಯ ಚಳಿಗಾಲ, ಆಲ್ಪ್ಸ್ ಬುಡದ ಗಾರ್ಮಿಶ್ ಹತ್ತಿರ, ರಾತ್ರಿಯೆಲ್ಲ ಹಿಮ ಬಿತ್ತು. ಮೂರು ಗಂಟೆಗೆ ತಲೆಯ ಹತ್ತಿರದ ಮಾನಾಕ್ಸೈಡ್ ಅಲಾರಂ ಕೂಗಿಕೊಂಡಿತು. ಪರದೆಯ ಮೇಲೆ 62 ಅಂತ ಇತ್ತು, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 62 ಭಾಗ ಮಾನಾಕ್ಸೈಡ್. ಹೆಂಡತಿ, ಮಗಳು, ನಾನು ಸಾಕ್ಸಿನಲ್ಲೇ ಹಿಮಕ್ಕೆ ಇಳಿದೆವು. ಬೆಳಕಾದ ಮೇಲೆ ಅಡಿಗೆ ನುಸುಳಿ ನೋಡಿದರೆ ಎರಡು ತಪ್ಪು ಒಟ್ಟಿಗೆ ಆಗಿದ್ದವು. ಹೊಗೆಪೈಪು ಹೀಟರಿಗೆ ಸೇರುವ ಕಡೆ ಕ್ಲಾಂಪ್ ಸಡಿಲ. ಹೀಟರಿನ ಅಡಿಪ್ಲೇಟಿಗೂ ನೆಲಕ್ಕೂ ಮಧ್ಯೆ ಸಂದಿ ಮುಚ್ಚಲು ಇರಬೇಕಾದ ಗ್ಯಾಸ್ಕೆಟ್ ಇಲ್ಲವೇ ಇಲ್ಲ. ಇಷ್ಟು ದಿನ ಗಾಳಿ ಬೀಸಿ ಹೊಗೆಯನ್ನು ಒಯ್ಯುತ್ತಿತ್ತು. ಅವತ್ತು ಹಿಮ ಸುತ್ತಲೂ ಗೋಡೆಯ ಹಾಗೆ ಕಟ್ಟಿಕೊಂಡು, ಹೊಗೆ ಅಡಿಯಲ್ಲೇ ಸಿಕ್ಕಿಬಿದ್ದು ಆ ಸಂದಿಯಿಂದ ಮೇಲೆ ಬಂದಿತ್ತು. ಎರಡು ಕ್ಲಾಂಪ್, ಒಂದು ಗ್ಯಾಸ್ಕೆಟ್. ಒಂದು ಊಟದ ದುಡ್ಡೂ ಆಗಲಿಲ್ಲ.

ಅಂದಿನಿಂದ ನಾನು ಯಾರ ವ್ಯಾನ್ ನೋಡಿದರೂ ಮೊದಲು ಬಗ್ಗಿ ಅಡಿ ನೋಡುತ್ತೇನೆ. ಹೊಗೆಪೈಪಿನ ತುದಿ ವ್ಯಾನಿನ ಹೊರ ಅಂಚಿನವರೆಗೆ ಬಂದಿರಬೇಕು. ತೆರೆಯುವ ಕಿಟಕಿ, ಬಾಗಿಲಿನ ಕೆಳಗೆ ಇರಬಾರದು. ಗಾಳಿ ಎಳೆಯುವ ಪೈಪಿನ ಬಾಯಿ ಅದರಿಂದ ದೂರ ಇರಬೇಕು, ಇಲ್ಲವಾದರೆ ಬಿಟ್ಟ ಹೊಗೆಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಪೈಪು ಎಲ್ಲೂ ಜೋತು ಬೀಳಬಾರದು, ಆ ತಗ್ಗಿನಲ್ಲಿ ನೀರು ನಿಂತು ಹೊಗೆಗೆ ದಾರಿ ಮುಚ್ಚುತ್ತದೆ. ಪೈಪು ಇನ್ನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಒಣಹುಲ್ಲಿನ ಮೇಲೆ ವ್ಯಾನ್ ನಿಲ್ಲಿಸುವಾಗ ಇದು ನೆನಪಿರಲಿ. ವೈರಿನ ವಿಷಯವೂ ಇದೆ. ತೆಳ್ಳಗಿನ ವೈರ್ ಉದ್ದಕ್ಕೆ ಎಳೆದರೆ ಗ್ಲೋ ಪ್ಲಗ್ ಕಾಯುವಾಗ ವೋಲ್ಟೇಜ್ ಕುಸಿದು ಹೀಟರ್ ಎರರ್ ತೋರಿಸುತ್ತದೆ. ಜನ ಹೀಟರ್ ಕೆಟ್ಟಿದೆ ಅಂತ ಬೈಯುತ್ತಾರೆ. ಕೆಟ್ಟಿರುವುದು ವೈರ್. ಇನ್ನು ಆರಿಸುವಾಗ ಮೇನ್ ಸ್ವಿಚ್ ಕಿತ್ತುಹಾಕಬಾರದು. ಬೆಂಕಿ ನಂದಿದ ಮೇಲೂ ಮೂರು ನಾಲ್ಕು ನಿಮಿಷ ಫ್ಯಾನ್ ಓಡಿ ಒಳಗನ್ನು ತಣ್ಣಗೆ ಮಾಡಬೇಕು. ಮಧ್ಯದಲ್ಲೇ ಕರೆಂಟ್ ಕಿತ್ತರೆ ಒಳಗಿನ ಭಾಗಗಳು ಬೆಂದುಹೋಗುತ್ತವೆ.

ಗ್ಯಾಸೇ ಬೇಕು ಅನ್ನುವವರಿಗೆ

ಗ್ಯಾಸಿನಲ್ಲೂ ಮುಚ್ಚಿದ ಬೆಂಕಿಯ ಹೀಟರ್ ಇವೆ. ಟ್ರೂಮಾದವರ ಕಾಂಬಿ ಅಂಥದ್ದು. ಗಾಳಿಯ ಜೊತೆಗೆ ಹತ್ತು ಲೀಟರ್ ನೀರನ್ನೂ ಕಾಯಿಸಿಕೊಡುತ್ತದೆ. ಮಸಿ ಇಲ್ಲ, ಟಿಕ್ ಟಿಕ್ ಇಲ್ಲ. ನನ್ನ ಹೆಂಡತಿಯ ಓಟು ಇದಕ್ಕೇ. ಆದರೆ ಸಿಲಿಂಡರ್ ಹೊರಬೇಕು. 11 ಕೆಜಿ ಪ್ರೋಪೇನ್‌ನಲ್ಲಿ ಸುಮಾರು 140 ಯೂನಿಟ್ ಶಕ್ತಿ. ಹಗಲೂ ರಾತ್ರಿ ಓಡಿಸಿದರೆ ನಾಲ್ಕೈದು ದಿನಕ್ಕೆ ಖಾಲಿ.

ಇಲ್ಲಿ ಪ್ರೋಪೇನ್ ಅನ್ನುವ ಮಾತು ಮುಖ್ಯ. ಸಿಲಿಂಡರಿನಲ್ಲಿ ಗ್ಯಾಸ್ ದ್ರವವಾಗಿರುತ್ತದೆ. ಆವಿಯಾದರೆ ಮಾತ್ರ ಪೈಪಿಗೆ ಬರುತ್ತದೆ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ. ಬ್ಯೂಟೇನ್ ಸೊನ್ನೆಯ ಹತ್ತಿರವೇ ಮುಷ್ಕರ ಹೂಡುತ್ತದೆ. ನಮ್ಮ ಮನೆಯ ಸಿಲಿಂಡರಿನಲ್ಲಿ ಇರುವುದು ಎರಡರ ಮಿಶ್ರಣ. ಹಾಸನದಲ್ಲಿ ಭರ್ಜರಿಯಾಗಿ ಉರಿಯುವ ಸಿಲಿಂಡರ್ ಸ್ಪಿತಿಯ ಚಳಿಯಲ್ಲಿ ಅರ್ಧ ತುಂಬಿದ್ದರೂ ಖಾಲಿಯಾದ ಹಾಗೆ ನಟಿಸುತ್ತದೆ.

ಇನ್ನು ಸೋರಿಕೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನೀರಿನ ಹಾಗೆ ಹರಡುತ್ತದೆ. ಅದಕ್ಕೇ ಸಿಲಿಂಡರನ್ನು ಬೇರೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಬಿಟ್ಟಿರಬೇಕು. ಓಡುವಾಗಲೂ ಹೀಟರ್ ಬೇಕೆಂದರೆ, ಡಿಕ್ಕಿಯಾದರೆ ತಾನೇ ಬಂದ್ ಆಗುವ ರೆಗ್ಯುಲೇಟರ್ ಬೇಕು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಗ್ಯಾಸ್ ಪರೀಕ್ಷೆ, ಹತ್ತು ವರ್ಷಕ್ಕೆ ಪೈಪು, ರೆಗ್ಯುಲೇಟರ್ ಬದಲು. ಕೆಲವರಿಗೆ ಕಿರಿಕಿರಿ ಅನಿಸುತ್ತದೆ. ನನಗೆ ಇದರಿಂದ ನಿದ್ದೆ ಚೆನ್ನಾಗಿ ಬರುತ್ತದೆ.

ಹೀಟರ್ ಯಾವುದೇ ಇರಲಿ, ಅಲಾರಂ ಬೇಕೇ ಬೇಕು. ಮನೆಗೆ ಮಾಡಿದ್ದಲ್ಲ, ವಾಹನಕ್ಕೂ ದೋಣಿಗೂ ಮಾಡಿದ್ದು. ಯುರೋಪಿನ ಗುರುತು ಇಎನ್ 50291-2. ಅದರ ನಿಯಮ ಹೀಗಿದೆ: ಗಾಳಿಯಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಮಾನಾಕ್ಸೈಡ್ ಇದ್ದರೆ ಅರವತ್ತರಿಂದ ತೊಂಬತ್ತು ನಿಮಿಷದೊಳಗೆ ಕೂಗಬೇಕು, 100 ಇದ್ದರೆ ಹತ್ತರಿಂದ ನಲವತ್ತು ನಿಮಿಷದೊಳಗೆ, 300 ಇದ್ದರೆ ಮೂರೇ ನಿಮಿಷದಲ್ಲಿ. ಮಲಗಿದಾಗ ಮೂಗು ಇರುವ ಎತ್ತರಕ್ಕೆ ಅದನ್ನು ಹಾಕಿ. ಮಾನಾಕ್ಸೈಡಿನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಅದು ನೆಲಕ್ಕೆ ಇಳಿದು ಕೂರುವುದಿಲ್ಲ. ಅಡುಗೆ ಗ್ಯಾಸಿನ ಅಲಾರಂ ಮಾತ್ರ ನೆಲದ ಹತ್ತಿರ. ಒಂದನ್ನು ಕೊಂಡು ಎರಡೂ ಆಯಿತು ಅಂದುಕೊಳ್ಳಬೇಡಿ.

ಎತ್ತರಕ್ಕೆ ಹೋದರೆ

ಭಾವಮೈದನಿಗೆ ಕೊನೆಗೆ ಹೇಳಿದ್ದು ಇದು. ಆಲ್ಪ್ಸಿನಲ್ಲಿ ನಾವು ಮಲಗುವುದು ಹೆಚ್ಚೆಂದರೆ ಎರಡು ಸಾವಿರ ಮೀಟರಿನಲ್ಲಿ. ಲೇಹ್ ಊರೇ 3,500 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ಹೀಟರಿನ ಫ್ಯಾನ್ ಅಷ್ಟೇ ಸುತ್ತುತ್ತದೆ, ಪಂಪು ಅಷ್ಟೇ ಡೀಸೆಲ್ ಹನಿಸುತ್ತದೆ. ಆದರೆ ಬರುವ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಡೀಸೆಲ್ ಜಾಸ್ತಿಯಾಗಿ, ಕಪ್ಪು ಹೊಗೆ ಬಂದು, ಎರಡು ಮೂರು ರಾತ್ರಿಯಲ್ಲಿ ಮಸಿ ಕಟ್ಟಿ ನಿಲ್ಲಬಹುದು. ಒತ್ತಡ ಅಳೆದು ಡೀಸೆಲ್ಲನ್ನು ತಾನೇ ಕಡಿಮೆ ಮಾಡಿಕೊಳ್ಳುವ ಹೀಟರುಗಳು ಈಗ ಬಂದಿವೆ. ಹಿಮಾಲಯಕ್ಕೆ ಹೋಗುವವರು ದುಡ್ಡು ಹಾಕಬೇಕಾದ್ದು ಇದಕ್ಕೆ, ಇನ್ನೆರಡು ಕಿಲೋವ್ಯಾಟಿಗಲ್ಲ. ಎಷ್ಟು ಮೀಟರ್‌ವರೆಗೆ ಓಡುತ್ತದೆ ಅಂತ ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಕೊಳ್ಳುವ ಮುಂಚೆ ಆ ಒಂದು ಸಾಲು ಓದಿದರೆ ಸಾಕು.

ಡೀಸೆಲ್ ಕೂಡ ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಜರ್ಮನಿಯ ಬಂಕುಗಳಲ್ಲಿ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮೈನಸ್ 20ರವರೆಗೆ ತಡೆಯುವ ಚಳಿಗಾಲದ ಡೀಸೆಲ್ ಮಾರುತ್ತಾರೆ. ಭಾರತದಲ್ಲೂ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್, ಕಾಜಾ, ಕೀಲಾಂಗ್ ಕಡೆಗೆ ಅಂತಲೇ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದಿತು. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಟ್ಯಾಂಕಿನಲ್ಲಿ ಇಟ್ಟುಕೊಂಡೇ ಮೇಲೆ ಹತ್ತಿದರೆ ಹೀಟರಿನ ಸಣ್ಣ ಕೊಳವೆಯೇ ಮೊದಲು ಕಟ್ಟಿಕೊಳ್ಳುತ್ತದೆ.

ಎಲ್ಲ ಕೇಳಿ ಅವನು ಕೇಳಿದ್ದು ಒಂದೇ: "ಹಾಗಾದ್ರೆ ಮೊದಲು ಏನು ತಗೊಳ್ಳಲಿ ಭಾವ?" ಮೊದಲು ಇನ್ಸುಲೇಶನ್ ಶೀಟ್, ಆಮೇಲೆ ಅಲಾರಂ, ಆಮೇಲೆ 2 ಕಿಲೋವ್ಯಾಟಿನ ಡೀಸೆಲ್ ಹೀಟರ್ ಅಂದೆ. ಗ್ಯಾಸ್ ಹೀಟರ್ ಬೇಡ ಅಂತ ಅವನ ಅಕ್ಕನ ಕೈಲೂ ಹೇಳಿಸಿದೆ. ನನ್ನ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ನಿನ್ನೆ ಫೋಟೋ ಕಳಿಸಿದ್ದಾನೆ. ಗೋಡೆಗೆಲ್ಲ ಶೀಟ್ ಅಂಟಿಸಿ ಆಗಿದೆ. ಹೊಗೆಪೈಪಿಗೆ ಎಲ್ಲಿ ತೂತು ಕೊರೆಯಬೇಕು ಅಂತ ವ್ಯಾನಿನ ಅಂಚಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದಾನೆ. ಸರಿಯಾಗಿ ಬಾಗಿಲ ಕೆಳಗೇ. ಈಗ ಫೋನ್ ಮಾಡಬೇಕು.